ಘಟದ ಮಣ್ಣು

ಬೀಜ ನೀರು ಕುಡಿಯುವುದಕ್ಕೂ ಒಂದು ಕ್ರಮವಿದೆ ಎಂದು ಮಾಲತೇಶ ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಹೇಳುತ್ತಿದ್ದ. ಮೊದಲು ಗಟಗಟ ಕುಡಿಯುತ್ತದೆ. ಆಮೇಲೆ ಕುಡಿಯುವುದನ್ನು ಬಿಟ್ಟು ಸುಮ್ಮನೆ ಕೂತುಬಿಡುತ್ತದೆ. ಹೊರಗಿನಿಂದ ನೋಡಿದರೆ ಏನೂ ನಡೆಯುತ್ತಿರುವುದಿಲ್ಲ. ಒಳಗೆ ಮಾತ್ರ ಹರಿದದ್ದನ್ನು ಹೊಲಿದುಕೊಂಡು, ಬುತ್ತಿ ಕಟ್ಟಿಕೊಂಡು ಪ್ರಯಾಣಕ್ಕೆ ಹೊರಡುವ ಗಡಿಬಿಡಿ. ಕೊನೆಗೆ ಬೇರು ಹೊರಗೆ ಬರುತ್ತದೆ. ಬೇರು ಬಂದಮೇಲೆ ಹಿಂದಿರುಗುವಂತಿಲ್ಲ, ಮಣ್ಣು ಸಿಗಬೇಕು ಇಲ್ಲವೇ ಸಾಯಬೇಕು. ಬೇರು ಬರುವುದಕ್ಕೆ ತುಸು ಮುಂಚೆ ಬೀಜವನ್ನು ನೀರಿನಿಂದ ತೆಗೆದು ಒಣಗಿಸಿಬಿಟ್ಟರೆ ಅದು ತಯಾರಾಗಿಯೇ ಉಳಿಯುತ್ತದೆ, ಬಿತ್ತಿದ ಕೂಡಲೇ ಏಳುತ್ತದೆ. ಇದಕ್ಕೆ ಪ್ರೈಮಿಂಗ್ ಎನ್ನುತ್ತಾರೆ. ರಾಣೆಬೆನ್ನೂರಿನ ಹೊರವಲಯದ ಒಂದು ಬೀಜದ ಕಂಪನಿಯಲ್ಲಿ, ಅದರ ಹೆಸರು ಇಲ್ಲಿ ಬೇಡ, ತಿರುಗುವ ಡ್ರಮ್ಮುಗಳ ಮುಂದೆ ಕೂತು ಆ ತುಸು ಮುಂಚಿನ ಗಳಿಗೆಯನ್ನು ಹಿಡಿಯುವುದೇ ಅವನ ಕೆಲಸ. ಅದರಲ್ಲಿ ಅವನನ್ನು ಮೀರಿಸುವವರು ಕಂಪನಿಯಲ್ಲಿ ಯಾರೂ ಇರಲಿಲ್ಲ.

ಆದರೂ ಎಷ್ಟು ಜಾಣತನ ಮಾಡಿದರೂ ಕೆಲವು ಬೀಜಗಳು ಮಲಗಿಯೇ ಇರುತ್ತಿದ್ದವು. ಬೀಜದೊಳಗೆ ಒಂದು ರಸವಿದೆ. ಕಾಲ ಕೂಡಿಬರುವವರೆಗೆ ಬೀಜವನ್ನು ಮಲಗಿಸಿಡುವುದು ಅದೇ. ಕಂಪನಿಯ ಲ್ಯಾಬಿನವರು ಆ ನಿದ್ದೆಯ ರಸವನ್ನೇ ತಿಂದು ಬದುಕುವ ಒಂದು ಸೂಕ್ಷ್ಮಾಣುವನ್ನು ಬೆಳೆಸಿದರು. ಕಾಗದದಲ್ಲಿ ಅದಕ್ಕೊಂದು ನಂಬರಿತ್ತು. ಡ್ರಮ್ಮು ತೊಳೆಯುವ ಹೆಂಗಸರು ಮಾತ್ರ ಅದಕ್ಕೆ ಕೋಳಿ ಎಂದು ಹೆಸರಿಟ್ಟರು, ಮಲಗಿದವರನ್ನೆಲ್ಲ ಎಬ್ಬಿಸುತ್ತದಲ್ಲ ಎಂದು. ಹೆಸರು ಎಷ್ಟು ಚೆನ್ನಾಗಿ ಅಂಟಿತೆಂದರೆ ಗುಣಮಟ್ಟ ವಿಭಾಗದ ಮುಖ್ಯಸ್ಥ ರೇವಣಕರ ಸರ್ ಕೂಡ ಮೀಟಿಂಗಿನಲ್ಲಿ ಗಂಭೀರವಾಗಿ ಕೋಳಿ ಕೋಳಿ ಎನ್ನತೊಡಗಿದರು.

ಕೋಳಿ ಹಚ್ಚಿದ ಟೊಮೆಟೊ, ಬೆಂಡೆ, ಮೆಣಸಿನಕಾಯಿ ಎಲ್ಲವೂ ಒಂದೇ ಬೆಳಗ್ಗೆ ನೆಲ ಬಿಟ್ಟು ಎದ್ದವು. ಪ್ರಯೋಗದ ಹೊಲದಲ್ಲಿ ಗಿಡಗಳೆಲ್ಲ ಸಮ ಎತ್ತರ, ಫಸಲು ಮೂರರಲ್ಲೊಂದು ಪಾಲು ಹೆಚ್ಚು. ಜೊತೆಗೆ ಯಾರೂ ಕೇಳದ ಇನ್ನೊಂದು ಸಂಗತಿ ನಡೆಯಿತು. ಮಣ್ಣಿನಲ್ಲಿ ವರ್ಷಗಟ್ಟಲೆ ಮಲಗಿದ್ದ ಕಳೆಯ ಬೀಜಗಳೂ ಮೊದಲ ನೀರಿಗೇ ಒಟ್ಟಿಗೆ ಎದ್ದು ನಿಂತವು. ಸಾಲುಗಳ ನಡುವೆ ಒಮ್ಮೆ ಕುಂಟೆಯಿಂದ ಎಡೆ ಹೊಡೆದದ್ದೇ ಸಾಕಾಯಿತು, ಮತ್ತೆ ಹುಲ್ಲಿನ ಎಸಳೂ ಇಲ್ಲ. ಎಲ್ಲರೂ ಕುಣಿದಾಡಿದರು, ಮಾಲತೇಶನೊಬ್ಬ ಕುಣಿಯಲಿಲ್ಲ. ನೆಲ ತನ್ನ ಬೀಜವನ್ನೆಲ್ಲ ಒಂದೇ ಮಳೆಗೆ ಖರ್ಚು ಮಾಡುವುದಿಲ್ಲ, ಒಂದು ಮಳೆ ಕೈಕೊಟ್ಟರೆ ಮಲಗಿದ್ದವು ಮುಂದಿನ ಮಳೆಗೆ ಏಳುತ್ತವೆ, ಈ ಕೋಳಿ ಹೊಕ್ಕ ನೆಲದಲ್ಲಿ ಏಳಲು ಯಾರೂ ಉಳಿದಿರುವುದಿಲ್ಲ ಎಂದು ಅವನು ವಾದಿಸಿದ. ಪೂರ್ತಿ ಪರೀಕ್ಷೆಯಾಗುವವರೆಗೆ ಆ ಹೊಲದ ಒಂದು ಚಿಟಿಕೆ ಮಣ್ಣೂ ಹೊರಗೆ ಹೋಗಕೂಡದೆಂದು ಹಟ ಹಿಡಿದ. ಬೇಲಿ ಹಾಕಿಸಿದವನು ಅವನು. ಗೇಟಿನಲ್ಲಿ ಘಾಟು ವಾಸನೆಯ ಔಷಧದ ನೀರಿನ ತೊಟ್ಟಿ ಕಟ್ಟಿಸಿ, ಸಾಹೇಬರಿರಲಿ ಸಂದರ್ಶಕರಿರಲಿ, ಕಾಲು ಅದ್ದದೆ ಹೊರಬರುವಂತಿಲ್ಲ ಎಂದು ನಿಯಮ ಮಾಡಿದವನೂ ಅವನೇ. ಕಾಲು ಒಡೆದವರು ಆ ನೀರಿಗೆ ಹಾ ಎಂದು ಹಲ್ಲು ಕಚ್ಚುತ್ತಿದ್ದರು, ಅವನು ಬಿಡುತ್ತಿರಲಿಲ್ಲ.

ಅಂಥವನೇ ಹೋದ ವರ್ಷ ನವರಾತ್ರಿಯ ಮುನ್ನಾದಿನ ಆ ಹೊಲದ ಮಣ್ಣನ್ನು ಊಟದ ಡಬ್ಬಿಯಲ್ಲಿ ತುಂಬಿಕೊಂಡು ಮನೆಗೆ ತಂದ.

ಯಾಕೆ ತಂದನೆಂದು ತಿಳಿಯಬೇಕಾದರೆ ಘಟದ ಸಂಗತಿ ಗೊತ್ತಿರಬೇಕು. ಅವರ ಮನೆಯಲ್ಲಿ ನವರಾತ್ರಿಗೆ ಎಲೆಯ ಮೇಲೆ ಮಣ್ಣು ಹರಡಿ, ಅದರಲ್ಲಿ ಕಾಳು ಬಿತ್ತಿ, ನಡುವೆ ನೀರು ತುಂಬಿದ ಘಟವನ್ನು ಇಟ್ಟು ದೇವಿಯನ್ನು ಕೂಡಿಸುತ್ತಾರೆ. ಹಬ್ಬ ಮುಗಿಯುವುದರೊಳಗೆ ಸಸಿ ಎಷ್ಟು ಎತ್ತರ, ಎಷ್ಟು ಒತ್ತಾಗಿ ಬಂತು ಎಂಬುದರ ಮೇಲೆ ಮನೆಯ ಮುಂದಿನ ವರ್ಷದ ಬಾಳು ಹೇಗಿದೆಯೆಂದು ನೋಡುತ್ತಾರೆ. ದಸರೆಯ ದಿನ ಮನೆಯ ಹೆಣ್ಣುಮಕ್ಕಳು, ನೆರೆಹೊರೆಯವರು ಬಂದು ಸಸಿಯನ್ನು ಮುಡಿಗೆ ಇಟ್ಟುಕೊಳ್ಳುತ್ತಾರೆ. ಬೇರಿನ ಮಣ್ಣನ್ನು ಒಯ್ದು ತಮ್ಮ ಹೊಲದಲ್ಲಿ ಹಾಕಿಕೊಳ್ಳುತ್ತಾರೆ, ಅಲ್ಲಿಯೂ ಹೀಗೇ ಬೆಳೆಯಲಿ ಎಂದು. ಮಾಲತೇಶನ ಹೆಂಡತಿ ಮಂಗಲಾ ಆ ಮನೆಗೆ ಬಂದು ಘಟ ಕೂಡಿಸಲು ತೊಡಗಿದ ಮೊದಲ ವರ್ಷವೇ ಸಸಿ ಅಲ್ಲೊಂದು ಇಲ್ಲೊಂದು ಬಂತು. ಆ ವರ್ಷ ಅತ್ತೆ ತೀರಿಹೋದಳು. ಅವಳ ಮುಖಕ್ಕೆ ಯಾರೂ ಏನೂ ಅನ್ನಲಿಲ್ಲ, ಅನ್ನದೆ ಇದ್ದದ್ದೇ ಅವಳಿಗೆ ಕೇಳಿಸಿತು. ಮರುವರ್ಷ ನವರಾತ್ರಿ ಹತ್ತಿರ ಬಂದಂತೆ ಅವಳು ಅಂಗಳದ ಮಣ್ಣನ್ನು ಜರಡಿ ಹಿಡಿಯುತ್ತ ಕೂತು, ಹಿಡಿದದ್ದನ್ನೇ ಮತ್ತೆ ಹಿಡಿದು ಕಣ್ಣೀರು ಹಾಕುತ್ತಿದ್ದಳು.

ಮಾಲತೇಶನಿಗೆ ಇದೆಲ್ಲದರಲ್ಲಿ ನಂಬಿಕೆ ಇರಲಿಲ್ಲ. ಹೆಂಡತಿಯ ಮೇಲೆ ಅಕ್ಕರೆ ಇತ್ತು. ಒಂದು ಡಬ್ಬಿ ಮಣ್ಣು ಏನು ಮಾಡೀತು, ಹಬ್ಬ ಮುಗಿದಮೇಲೆ ಸುಟ್ಟುಹಾಕಿದರಾಯಿತು ಎಂದುಕೊಂಡ. ಗೇಟಿನ ತೊಟ್ಟಿಯಲ್ಲಿ ಕಾಲು ಮಾತ್ರ ಶಿಸ್ತಾಗಿ ಅದ್ದಿದ.

ಆ ಸಲ ಸಸಿ ಬಾಚಿದ ಕೂದಲಿನಂತೆ ಒತ್ತಾಗಿ, ಒಂದೇ ಸಮ ಎದ್ದಿತು. ದಸರೆಯ ದಿನ ನೋಡಲು ಬಂದ ಹೆಂಗಸರು ಅಡುಗೆಮನೆಯವರೆಗೂ ತುಂಬಿದ್ದರು. ಮಾಲತೇಶನ ಅಕ್ಕ ಬಸಲಿಂಗವ್ವ ತವರಿನ ಘಟ ನೋಡಿ ಕೆನ್ನೆ ಕೆನ್ನೆ ಬಡಿದುಕೊಂಡಳು. ಅವಳು ಹತ್ತಿರದ ಹಳ್ಳಿಯಲ್ಲಿ ನೆಟ್ ಮನೆ ಕಟ್ಟಿಸಿ ಅದೇ ಕಂಪನಿಗೆ ಟೊಮೆಟೊ ಬೀಜ ಬೆಳೆದುಕೊಡುವವಳು. ಸಂಜೆ ಮೊಗ್ಗು ಬಿಡಿಸಿ ಬೆಳಗ್ಗೆ ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸದಲ್ಲಿ ಅವಳ ಕೈ ಕೆಳಗೆ ಅರ್ಧ ಊರಿನ ಹೆಂಗಸರು ಪಳಗಿದ್ದರು. ಮಂಗಲಾ ಬೇರು ಸಮೇತ ದೊಡ್ಡದೊಂದು ತುಂಡು ಕಿತ್ತು ಕೊಟ್ಟಳು. ಸಸಿ ಮಡಿಗೆ ಹಾಕ್ತೀನಿ ಎನ್ನುತ್ತ ಬಸಲಿಂಗವ್ವ ಅದನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಬಾಗಿಲಲ್ಲಿ ನಿಂತಿದ್ದ ಮಾಲತೇಶ ಬ್ಯಾಡ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಮಂಗಲಾ ಅವನ ಕಡೆ ತಿರುಗಿ ನಕ್ಕಳು. ಅತ್ತೆ ಹೋದಮೇಲೆ ಅವಳು ಹಾಗೆ ನಕ್ಕದ್ದೇ ಇರಲಿಲ್ಲ. ಅವನು ಬಾಯಿ ಮುಚ್ಚಿಕೊಂಡ.

ಬೇಸಿಗೆಯ ಕೊನೆಗೆ ಬಸಲಿಂಗವ್ವನ ಬೀಜ ಕಂಪನಿಯಲ್ಲಿ ತಿರಸ್ಕಾರವಾಯಿತು. ಹಣ್ಣು ಹಿಸುಕಿ, ರಸವನ್ನು ಒಂದು ರಾತ್ರಿ ಹುಳಿಯಲು ಬಿಟ್ಟು, ಬೆಳಗ್ಗೆ ತೊಳೆದು ಬೀಜ ಒಣಗಿಸಬೇಕು. ತಡವಾದರೆ ಬೀಜ ರಸದಲ್ಲೇ ಮೊಳಕೆ ಒಡೆಯುತ್ತದೆ. ಅವಳ ಬೀಜಕ್ಕೆಲ್ಲ ಬಿಳಿ ಬಾಲ ಬಂದು ಒಣಗಿಹೋಗಿತ್ತು. ಎಲ್ಲವೂ ಸತ್ತ ಬೀಜ. ಕಾರಣ ನೋಡಿ ಹೇಳು ಎಂದು ರೇವಣಕರ ಸರ್ ಅದನ್ನು ಮಾಲತೇಶನ ಮೇಜಿಗೆ ಕಳಿಸಿದರು. ಅವನು ನಾಲ್ಕು ಬೀಜಗಳನ್ನು ಗಾಜಿನ ತಟ್ಟೆಯಲ್ಲಿ ಇಟ್ಟ. ಎರಡು ದಿನಕ್ಕೆ ಪ್ರತಿ ಬೀಜದ ಸುತ್ತ ಕಿತ್ತಳೆ ಬಣ್ಣದ ಅಂಚು ಮೂಡಿತು. ಆ ಬಣ್ಣ ಕೋಳಿಯದು, ಇನ್ಯಾವುದರದೂ ಅಲ್ಲ. ಬೀಜಗಳು ಹಣ್ಣಿನೊಳಗೇ ಎದ್ದುಬಿಟ್ಟಿದ್ದವು.

ರೇವಣಕರ ಸರ್ ಕನ್ನಡಕ ಒರೆಸಿಕೊಳ್ಳುತ್ತ ಒಳಗೆ ಬಂದು, ತೊಳೆಯೋದು ಮರೆತಿರಬೇಕು, ಹುಳಿಯೋಕೆ ಬಿಟ್ಟು ಎರಡು ದಿನ ಆಗಿರಬೇಕು, ಅಲ್ಲವಾ ಎಂದು ಕೇಳಿದರು. ಮಾಲತೇಶ ತಟ್ಟೆಯ ಮೇಲೆ ಕೈ ಇಟ್ಟುಕೊಂಡೇ, ಹಾಗೇ ಕಾಣುತ್ತೆ ಸರ್ ಎಂದ. ಅವರು ಹೋದಮೇಲೆ ವರದಿಯಲ್ಲೂ ಹಾಗೇ ಬರೆದು, ತಟ್ಟೆಯನ್ನು ಕುದಿಸಿ ಎಸೆದ. ತನ್ನ ಅಕ್ಕನಿಗೆ ಮರೆವೆಂದು ತಾನೇ ಬರೆದು ಕೊಟ್ಟೆನೆಂಬುದು ಅವನಿಗೆ ಮನೆಗೆ ಹೋಗುವ ದಾರಿಯಲ್ಲಿ ಹೊಳೆಯಿತು. ಬೈಕು ನಿಲ್ಲಿಸಿ ಸ್ವಲ್ಪ ಹೊತ್ತು ರಸ್ತೆಯ ಬದಿಯಲ್ಲಿ ನಿಂತ, ಮತ್ತೆ ಹತ್ತಿ ಮನೆಗೆ ಹೋದ. ಮನುಷ್ಯ ತನಗೆ ತಾನು ಹೇಳಿಕೊಳ್ಳುವ ಸಮಾಧಾನಗಳಿಗೆ ಬರವಿಲ್ಲ. ಬೀಜದ ಒಂದು ಬೆಳೆ ಹೋದರೆ ಇನ್ನೊಂದು ಬೆಳೆ ಬಂದೀತು ಎಂದುಕೊಂಡ.

ಹೋದದ್ದು ಬೆಳೆಯೊಂದೇ ಅಲ್ಲ. ಬಸಲಿಂಗವ್ವ ತಾನು ಬೆಳಗ್ಗೆ ಎದ್ದು ಬೀಜ ತೊಳೆದದ್ದು ನೆನಪಿದೆ ಎಂದು ಮೊದಲು ಜಗಳವಾಡಿದಳು. ಕಂಪನಿಯವರು ಮರೆತಿದ್ದೀರಿ ಎಂದರು. ಮಗ ವಯಸ್ಸಾತಲ್ಲವ್ವ ಎಂದ. ಆ ವಾರ ಸೊಸೆಯ ಬಾಣಂತನದ ಓಡಾಟವೂ ಇತ್ತು. ಹೇಳುವವರು ಹೆಚ್ಚಾದಂತೆ ಅವಳಿಗೂ ಅನುಮಾನ ಬಂತು. ಅವಳು ನೆನಪಿಟ್ಟುಕೊಂಡ ಬೆಳಗು ಬೇರೆ ಯಾವುದೋ ದಿನದ್ದಿರಬಹುದೆ? ಮಗ ಆ ಕೆಲಸವನ್ನು ಅವಳ ಕೈಯಿಂದ ಬಿಡಿಸಿದ. ಸೊಸೆ ಒಲೆಯ ಹತ್ತಿರ ಬಿಡದಂತಾದಳು. ಮಾಲತೇಶ ಒಮ್ಮೆ ನೋಡಲು ಹೋದಾಗ ಬಸಲಿಂಗವ್ವ ಮಾತಿನ ನಡುವೆ ಎದ್ದುಹೋಗಿ ಬಾಗಿಲ ಅಗಳಿ ನೋಡಿ ಬಂದಳು, ಕೂತು ಮತ್ತೆ ಎದ್ದು ನೋಡಿ ಬಂದಳು. ಸೆರಗಿನ ತುಂಬ ಸಣ್ಣ ಸಣ್ಣ ಗಂಟು, ಒಂದೊಂದು ಕೆಲಸದ ನೆನಪಿಗೆ ಒಂದೊಂದು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ನೆನಪು ತಿರುಗಿ ಬರುವ ತನಕ ಚಪ್ಪಲಿ ಮೆಟ್ಟುವುದಿಲ್ಲವೆಂದು ದೇವರಗುಡ್ಡದ ದೇವರಿಗೆ ಹರಕೆ ಹೊತ್ತಿದ್ದಳು. ಆ ದೇವರ ಹೆಸರನ್ನೇ ಅವನಿಗೆ ಇಟ್ಟದ್ದು. ಅವನು ಚಹಾ ಕುಡಿಯದೆ ಎದ್ದು ಬಂದ.

ಈ ವರ್ಷದ ಮುಂಗಾರಿನಲ್ಲಿ ಬಸಲಿಂಗವ್ವನ ಊರಿನ ಹೊಲಗಳಲ್ಲಿ ಕಳೆಯೆಲ್ಲ ಒಂದೇ ಸಲ ಎದ್ದು, ಒಂದೇ ಎಡೆಗೆ ಮುಗಿಯಿತು. ಊರವರು ಹಿಗ್ಗಿದರು. ಕಳೆ ಕೀಳುವ ಹೆಂಗಸರಿಗೆ ಕೆಲಸವಿಲ್ಲದಾಯಿತು, ಅವರು ಸೆರಗಿನಲ್ಲಿ ಮನೆಗೆ ತರುತ್ತಿದ್ದ ಬೆರಕೆ ಸೊಪ್ಪೂ ಇಲ್ಲದಾಯಿತು. ನವರಾತ್ರಿಯ ಹೊತ್ತಿಗೆ ಆ ಊರಿನಿಂದ ಇನ್ನೂ ನಾಲ್ಕು ಮನೆಯ ಬೀಜ ಬಿಳಿ ಬಾಲ ಹೊತ್ತು ಬಂತು. ರೇವಣಕರ ಸರ್ ಕಂಟ್ರೋಲ್ ರೂಮಿನಲ್ಲಿ ಡ್ರಮ್ಮುಗಳ ತೇವದ ಗೆರೆಗಳು ಓಡುತ್ತಿದ್ದ ಪರದೆಯ ಮುಂದೆ ಕೂತು, ಮುಂದಿನ ವರ್ಷದಿಂದ ಆ ಊರಿಗೆ ಬೀಜದ ಕೆಲಸ ಕೊಡುವುದಿಲ್ಲ ಎಂದರು. ಬೇಕಾದರೆ ನೀವೊಮ್ಮೆ ಹೋಗಿ, ಹೊತ್ತಿಗೆ ಸರಿಯಾಗಿ ಬೀಜ ತೊಳೆಯುವುದು ಹೇಗೆಂದು ಆ ಹೆಂಗಸರಿಗೆ ಪಾಠ ಮಾಡಿ ಬನ್ನಿ ಎಂದೂ ಅಂದರು.

ಕೋಳಿ ಏನಾದರೂ ಹೊರಗೆ ಹೋಗಿರಬಹುದೆ ಸರ್ ಎಂದು ಮಾಲತೇಶ ಕೇಳಿದ. ಅವರು ನಕ್ಕರು.

"ನೀವು ಕಟ್ಟಿಸಿದ ಗೇಟು ದಾಟಿಕೊಂಡಾ? ನಿಮ್ಮ ಮೇಲೆ ನಿಮಗಿಲ್ಲದ ನಂಬಿಕೆ ನನಗಿದೆ ಮಾಲತೇಶ್."

ಮನೆಗೆ ಬಂದರೆ ಮಂಗಲಾ ಕೈಹಿಡಿದು ಘಟದ ಮುಂದೆ ಕರೆದುಕೊಂಡು ಹೋದಳು. ಅಂಗಳದ ತುಳಸಿಕಟ್ಟೆಯ ಮಣ್ಣನ್ನೇ ಹಾಕಿದ್ದಳಂತೆ, ಎರಡನೆಯ ದಿನಕ್ಕೇ ಹಸಿರು ಕಾಣಿಸಿತ್ತು. ಕಾಳಿನ ನಡುವೆ ಅವಳು ಬಿತ್ತದ ಹುಲ್ಲು, ಹೆಸರಿಲ್ಲದ ಸಣ್ಣ ಎಲೆಗಳು, ಎಲ್ಲವೂ ಎದ್ದಿದ್ದವು. ಹೋದ ವರ್ಷ ಉಳಿದ ಮಣ್ಣನ್ನು ಅವಳು ತುಳಸಿಗೆ ಸುರಿದಿದ್ದಳು, ಸುಡಬೇಕೆಂದಿದ್ದವನು ಸುಟ್ಟಿರಲಿಲ್ಲ. ದೇವಿ ಒಲಿದಾಳ, ಅಕ್ಕಗ ಈ ಸಲ ಜಾಸ್ತಿ ಕೊಡೂಣು, ಪಾಪ, ಅಕಿ ಕಷ್ಟದಾಗ ಅದಾಳ ಎಂದಳು ಮಂಗಲಾ. 

ಅವನು ಒಂದು ಉಪಾಯ ಹುಡುಕಿದ, ಹೇಡಿಗಳಿಗೆ ಹೊಳೆಯುವಂಥದ್ದು. ದಸರೆಯ ದಿನ ಹೆಂಗಸರು ಬರುವ ಮುಂಚೆ ಗೇಟಿನ ತೊಟ್ಟಿಯ ಔಷಧದ ನೀರನ್ನು ಘಟದ ಮಣ್ಣಿಗೆ ಸುರಿದುಬಿಡುವುದು. ಕೋಳಿ ಸಾಯುತ್ತದೆ, ಸಸಿ ಬಾಡುತ್ತದೆ, ಬಾಡಿದ ಸಸಿಯನ್ನು ಯಾರೂ ಒಯ್ಯುವುದಿಲ್ಲ, ಬಾಯಿ ತೆರೆಯುವ ಪ್ರಮೇಯವೇ ಇಲ್ಲ. ಕ್ಯಾನಿನಲ್ಲಿ ನೀರು ತಂದೂ ಇಟ್ಟ. ದಸರೆಯ ಬೆಳಗ್ಗೆ ಮಂಗಲಾ ಸ್ನಾನಕ್ಕೆ ಹೋದಾಗ ಕ್ಯಾನು ಹಿಡಿದು ದೇವರ ಮನೆಗೆ ಹೋದ. ಮುಚ್ಚಳ ತಿರುಗಿಸಿದ. ಘಾಟು ಮೂಗಿಗೆ ಬಡಿದಾಗ ಮಂಗಲಾ ಜರಡಿ ಹಿಡಿದು ಅಳುತ್ತಿದ್ದದ್ದು ನೆನಪಾಯಿತು. ಈಗ ಸಸಿ ಬಾಡಿದರೆ ಅವಳು ತನ್ನಿಂದಲೇ ಎಂದುಕೊಳ್ಳುತ್ತಾಳೆ, ಬದುಕಿರುವವರೆಗೂ ಎಂದುಕೊಳ್ಳುತ್ತಾಳೆ. ತನ್ನ ತಪ್ಪನ್ನು ಒಬ್ಬಳ ತಲೆಗೆ ಕಟ್ಟಿದ್ದು ಸಾಲದೆ ಇನ್ನೊಬ್ಬಳ ತಲೆಗೂ ಕಟ್ಟಲು ಹೊರಟಿದ್ದ. ಮುಚ್ಚಳ ಹಾಕಿ ಕ್ಯಾನನ್ನು ಕೈಯಲ್ಲಿ ಹಿಡಿದುಕೊಂಡೇ ಕೂತ. ತನ್ನ ಬಗ್ಗೆ ಅವನಿಗೆ ಹೇಸಿಗೆ ಬಂತು.

ಹೆಂಗಸರು ಬಂದರು. ಬಸಲಿಂಗವ್ವ ಎಲ್ಲರಿಗಿಂತ ಮೊದಲು ಬಂದು, ಬರಿಗಾಲಲ್ಲಿ, ಘಟದ ಮುಂದೆ ಕಣ್ಣು ಮುಚ್ಚಿ ಬಹಳ ಹೊತ್ತು ಕೂತಿದ್ದಳು. ಆರತಿಯಾದಮೇಲೆ ಮಂಗಲಾ ಸಸಿಗೆ ಕೈಹಾಕಿದಳು. ಬಸಲಿಂಗವ್ವ ಗಂಟುಗಳ ನಡುವೆ ಜಾಗ ಹುಡುಕಿ ಸೆರಗು ಒಡ್ಡಿದಳು.

"ಅಕ್ಕ, ಒಯ್ಯಬ್ಯಾಡ," ಎಂದ ಮಾಲತೇಶ.

ಎಲ್ಲರೂ ತಿರುಗಿ ನೋಡಿದರು. ಅವನು ನಿಂತೇ ಹೇಳಿದ. ಡಬ್ಬಿಯಲ್ಲಿ ಮಣ್ಣು ತಂದದ್ದು, ಆ ಮಣ್ಣಿನಲ್ಲಿದ್ದದ್ದು, ಅದು ಸಸಿ ಮಡಿಯಿಂದ ಗಿಡಕ್ಕೆ, ಗಿಡದಿಂದ ಹಣ್ಣಿಗೆ, ಕಾಲಿಗಂಟಿ ಊರಿನ ಹೊಲಗಳಿಗೆಲ್ಲ ಹೋದದ್ದು. ಕೋಳಿ, ನಿದ್ದೆ ಎಂದು ಅವನು ಹೇಳುತ್ತಿದ್ದದ್ದು ಕೆಲವರಿಗೆ ಅರ್ಥವಾಗಲಿಲ್ಲ. ಬಸಲಿಂಗವ್ವನಿಗೆ ಒಂದೇ ಮಾತು ಬೇಕಿತ್ತು.

"ಹಂಗಾರ ನಾ ಮರ್ತಿದ್ದಿಲ್ಲ?"

"ಇಲ್ಲಕ್ಕ. ನೀ ಹೊತ್ತಿಗೆ ಸರಿಯಾಗಿ ತೊಳದಿದ್ದಿ. ಅವು ಹಣ್ಣಿನ್ಯಾಗ ಮೊಳಕಿ ಒಡದಿದ್ವು."

"ನಿಂಗ ಯಾವಾಗ ಗೊತ್ತಾತು?"

"ನಿನ್ನ ಬೀಜ ನನ್ನ ಟೇಬಲ್ಲಿಗೆ ಬಂದಾಗ."

ಅವಳು ಬಯ್ಯುತ್ತಾಳೆಂದು ಅವನು ಕಾದ. ಬೈದರೆ ಒಳ್ಳೆಯದಿತ್ತು. ಅವಳು ಸೆರಗಿನ ಗಂಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡಳು, ಹಾಗೆಯೇ ಮುಖಕ್ಕೆ ಸೆರಗು ಒತ್ತಿ ಅತ್ತಳು. ಅದು ದುಃಖದ ಅಳುವಲ್ಲ, ಹೊರೆ ಇಳಿಸಿದವರ ಅಳು. ಅದನ್ನು ನೋಡುವುದು ಅವನಿಗೆ ಯಾವ ಬೈಗುಳಕ್ಕಿಂತಲೂ ಕಷ್ಟವಾಯಿತು.

"ನನ್ನ ತೆಲಿ ಕೆಟ್ಟೈತಿ ಅಂತ ನಂಬಿದ್ನಲ್ಲೋ ತಮ್ಮಾ," ಎಂದಳು ಕೊನೆಗೆ. "ಕೂಸಿನ್ನ ಎತ್ಕೊಳ್ಳಾಕ ಅಂಜತಿದ್ದೆ, ಎಲ್ಲಿ ಇಟ್ಟು ಮರ್ತೇನೋ ಅಂತ."

ಮಂಗಲಾ ಗೋಡೆಗೆ ಒರಗಿ ನಿಂತಿದ್ದಳು. ಹಂಚಿದಾಕಿ ನಾನು ಎಂದಳು. ತಂದವ ನಾನು, ನಿನಗ ಗೊತ್ತಿದ್ದಿಲ್ಲ ಎಂದು ಮಾಲತೇಶ ಹೇಳಿದ. ಅವಳು ಅವನ ಕಡೆ ನೋಡಲಿಲ್ಲ. ಘಟಕ್ಕೆ ಕೈಮುಗಿದು ಎತ್ತಿ ಪಕ್ಕಕ್ಕೆ ಇಟ್ಟಳು. ಇದನ್ನೇನು ಮಾಡಬೇಕು ಎಂದು ಕೇಳಿದಳು. ಸುಡಬೇಕು ಎಂದ. ನಾ ಕೂಡಿಸೀನಿ, ನಾನ ಸುಡತೀನಿ ಎಂದು ಅವಳು ಎಲೆ ಸಮೇತ ಮಣ್ಣನ್ನು ಕಬ್ಬಿಣದ ಬಾಣಲೆಗೆ ಹಾಕಿ ಹಿತ್ತಲಿನ ಒಲೆಯ ಮೇಲೆ ಇಟ್ಟಳು. ಹಸಿ ಸಸಿ ಸುಡುವ ವಾಸನೆ ಮನೆ ತುಂಬಿತು. ಹೆಂಗಸರು ಮೂಗಿಗೆ ಸೆರಗು ಹಿಡಿದು ಕೂತರು.

ಕಂಪನ್ಯಾಗೂ ಹೇಳ್ತಿಯೋ, ಇಲ್ಲಿಗೇ ಮುಗಿಸ್ತಿಯೋ ಎಂದು ಬಸಲಿಂಗವ್ವ ಕೇಳಿದಳು. ಅವನು ಅಲ್ಲೇ, ಎಲ್ಲರ ಎದುರಿಗೆ ರೇವಣಕರ ಸರ್‌ಗೆ ಫೋನು ಮಾಡಿದ. ಅವರು ಹಬ್ಬದ ಊಟದ ನಡುವೆ ಇದ್ದರು. ಪೂರ್ತಿ ಕೇಳಿಸಿಕೊಂಡು, ಇದು ಬೇರೆ ಯಾರಿಗೆ ಗೊತ್ತು ಎಂದು ಮೆಲ್ಲಗೆ ಕೇಳಿದರು. ಮನೆತುಂಬ ಹೆಂಗಸರು ಕೂತು ಕೇಳ್ತಿದ್ದಾರೆ ಸರ್ ಎಂದ ಮಾಲತೇಶ.  ನಾಳೆ ಬನ್ನಿ ಎಂದಷ್ಟೇ ಹೇಳಿ ಅವರು ಫೋನಿಟ್ಟರು. ಅವನ ಕೆಲಸ ಉಳಿಯುವುದಿಲ್ಲವೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಹೊರಬಿದ್ದ ಕೋಳಿಯನ್ನು ಹಿಂದಕ್ಕೆ ಕರೆಯಲು ಅವರಿಂದಲೂ ಆಗದು, ಅವನಿಂದಲೂ ಆಗದು. ಆ ಊರಿನ ಹೆಂಗಸರು ಮರೆಗುಳಿಗಳಲ್ಲವೆಂಬುದೊಂದು ಮಾತ್ರ ಇನ್ನು ಮುಚ್ಚಿಡುವಂತಿರಲಿಲ್ಲ.

ಹೆಂಗಸರು ಬರಿಗೈಯಲ್ಲಿ ಎದ್ದರು. ಈ ಅಂಗಳದ ಮಣ್ಣು ತುಳಿದು ಹೋಗುವವರೆಲ್ಲ ಕಾಲು ತೊಳೆದುಕೊಳ್ಳಬೇಕೆಂದು ಮಾಲತೇಶ ಕೇಳಿಕೊಂಡ. ಕ್ಯಾನಿನ ನೀರನ್ನು ತಂಬಿಗೆಗೆ ಬಗ್ಗಿಸಿ ಹೊಸ್ತಿಲ ಹೊರಗಿನ ಕಲ್ಲಿನ ಹತ್ತಿರ ಕುಕ್ಕರಗಾಲಲ್ಲಿ ಕೂತ. ಮನೆಗೆ ಬಂದವರ ಕಾಲಿಗೆ ನೀರು ಕೊಡುವುದು ಅವರಿಗೆಲ್ಲ ಗೊತ್ತಿದ್ದ ಮರ್ಯಾದೆ. ಹೋಗುವವರ ಕಾಲಿಗೆ ಕೊಡುವುದನ್ನು ಯಾರೂ ನೋಡಿರಲಿಲ್ಲ. ಒಬ್ಬೊಬ್ಬರಾಗಿ ಕಾಲು ಮುಂದೆ ಮಾಡಿ ಹೋದರು.

ಬಸಲಿಂಗವ್ವ ಕೊನೆಯವಳು. ಮಂಗಲಾ ಒಳಗಿನಿಂದ ತನ್ನ ಚಪ್ಪಲಿ ತಂದು, ನೀರು ಮುಟ್ಟಿಸಿ, ಕಲ್ಲಿನ ಆಚೆ ಜೋಡಿಸಿ ಇಟ್ಟಳು. ಬಸಲಿಂಗವ್ವ ಸೀರೆ ತುಸು ಎತ್ತಿ ಕಲ್ಲಿನ ಮೇಲೆ ಕಾಲಿಟ್ಟಳು. ಇಷ್ಟು ತಿಂಗಳು ಬರಿಗಾಲಲ್ಲಿ ನಡೆದ ಹಿಮ್ಮಡಿಗಳು ಕೆಂಪಗೆ ಒಡೆದು ಬಾಯಿ ಬಿಟ್ಟಿದ್ದವು, ಬಿರುಕುಗಳಲ್ಲಿ ಕರಿ ಮಣ್ಣು ಕೂತಿತ್ತು. ಮಾಲತೇಶ ಬೆರಳಿನಿಂದ ಆ ಮಣ್ಣನ್ನು ತಿಕ್ಕಿ ತೆಗೆಯುತ್ತ ನೀರು ಹಾಕಿದ. ಅವಳ ಕಾಲು ಸರ್ರನೆ ಹಿಂದಕ್ಕೆ ಹೋಯಿತು. ಅವನು ತಂಬಿಗೆ ಎತ್ತಿ ನಿಲ್ಲಿಸಿದ.

"ಉರೀತೈತೇನಕ್ಕ?"

"ಉರೀತೈತಿ," ಎಂದು ಅವಳು ಕಾಲನ್ನು ಮತ್ತೆ ಅವನ ಮುಂದಿಟ್ಟಳು. "ಹಾಕು."